ಮಾರಪ್ಪನ ಪಾಲಿನ ಹಾಲು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿಯುತ್ತಿದ್ದ ಮಾರಪ್ಪನಿಗೆ ಐದು ಮಕ್ಕಳು. ಕಾರ್ಖಾನೆ ನೌಕರಿ ಅಂತ ನೆಂಟರಿಗೆಲ್ಲ ಹೊಟ್ಟೆಕಿಚ್ಚು. ಪಾಪ, ತಿಂಗಳ ಕೊನೆಯಲ್ಲೊಮ್ಮೆ ಬಂದು ನೋಡಿದ್ದರೆ ತಣ್ಣಗಾಗುತ್ತಿತ್ತು. ರಾಗಿ, ಸೀಮೆಎಣ್ಣೆ, ದೊಡ್ಡವರಿಬ್ಬರ ಸ್ಕೂಲು ಅಂತ ಸಂಬಳವೆಲ್ಲ ಹಂಚಿಹೋಗಿ, ಗಂಡಹೆಂಡಿರು ಗಂಜಿ ಕುಡಿದು ಮಲಗುತ್ತಿದ್ದರು.

ಕೊನೆಯವಳು ಸೀತಾ, ಮೂರು ವರ್ಷದ ಮಗು. ದಡಾರ ಬಂದುಹೋದ ಮೇಲೆ ಎದ್ದು ಓಡಾಡಲೇ ಇಲ್ಲ. ಶಿವಮೊಗ್ಗಕ್ಕೆ ಕರೆದೊಯ್ದು ತೋರಿಸಿದರೆ, "ದಿನಾ ಹಾಲು ಕೊಡಿ, ತಾನೇ ಎದ್ದು ಓಡಾಡ್ತಾಳೆ" ಅಂದರು ಡಾಕ್ಟರು. ಹೇಳುವುದಕ್ಕೇನು! ಹಾಲು ಕೊಂಡರೆ ಉಳಿದ ನಾಲ್ವರ ರಾಗಿಗೆ ಕೈ ಹಾಕಬೇಕಿತ್ತು.

ಕುಲುಮೆಯ ಕಾವಿಗೆ ನಿಲ್ಲುವವರಿಗೆ ಪಾಳಿಯ ಕೊನೆಯ ಬಿಡುವಿನಲ್ಲಿ ಒಂದು ಲೋಟ ಹಾಲು ಸಿಗುತ್ತಿತ್ತು. ಮಾರಪ್ಪ ಅದನ್ನು ಊಟದ ಡಬ್ಬಿಗೆ ಬಗ್ಗಿಸಿಕೊಂಡು ಮನೆಗೆ ತರತೊಡಗಿದ. ಹೆಂಡತಿ ಉಚ್ಚಂಗಮ್ಮ ಕಾಯಿಸಿ ಕುಡಿಸಿದಳು. ನೋಡನೋಡುತ್ತ ಸೀತಾ ಗೋಡೆ ಹಿಡಿದು ನಿಂತಳು; ಬಾಗಿಲವರೆಗೆ ಬಂದು ಅಪ್ಪನ ದಾರಿ ಕಾಯತೊಡಗಿದಳು. ಮಾರಪ್ಪನಿಗೆ ಲೋಕವನ್ನೇ ಗೆದ್ದಷ್ಟು ಸಂತೋಷ.

ಒಂದು ದಿನ, ಆ ಬಿಡುವು ಮುಗಿದು ಮತ್ತೆ ಕೆಲಸಕ್ಕೆ ನಿಂತವನು ಕಣ್ಣು ಕತ್ತಲೆ ಬಂದು ಕುಸಿದ. ಪಕ್ಕದವರು ಹಿಡಿದೆಳೆಯದಿದ್ದರೆ ಬೆಂಕಿಗೇ ಬೀಳುತ್ತಿದ್ದ. ಅವನ ಡಬ್ಬಿಯಲ್ಲಿದ್ದ ಹಾಲು ನೋಡಿ ಮೇಸ್ತ್ರಿ ಷಡಕ್ಷರಪ್ಪನವರಿಗೆ ಎಲ್ಲ ಅರ್ಥವಾಯಿತು. ಮರುದಿನ ಬಿಡುವಿನಲ್ಲಿ ಎದುರಿಗೇ ಬಂದು ನಿಂತರು.

"ಕುಡಿ ಮಾರಪ್ಪ."

"ಮಗೀಗೆ ಸ್ವಾಮಿ. ಈಗೀಗ ಎದ್ದು ನಿಲ್ತಾ ಐತೆ."

"ಗೊತ್ತು ಮಾರಾಯ. ನೀನೇ ಹೋದ್ರೆ ಆ ಐದು ಮಕ್ಳಿಗೂ ಯಾರು ಗತಿ? ನನ್ನ ಮುಂದೇನೇ ಕುಡೀಬೇಕು. ಇಲ್ದಿದ್ರೆ ನಾಳೆಯಿಂದ ಕುಲುಮೆ ಹತ್ರ ಬಿಡಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅದೇ ಮಾರಪ್ಪನ ಸಂಕಟ. ಶಪಿಸಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಕಣ್ಣು ಮುಚ್ಚಿ ಗಟಗಟ ಕುಡಿದ. ಹಾಲು ರುಚಿಯಾಗಿತ್ತು. ಹಾಳು ಹೊಟ್ಟೆ ಇನ್ನಷ್ಟು ಬೇಕೆಂದಿತು, ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮನೆ ಬಾಗಿಲಲ್ಲಿ ಸೀತಾ ನಿಂತಿದ್ದಳು. ಡಬ್ಬಿ ತೆಗೆಸಿ ಒಳಗೆ ಇಣುಕಿದಳು.

"ಇವತ್ತು ಹಾಲು ಕೊಡ್ಲಿಲ್ಲ ಕಣವ್ವ" ಎನ್ನುತ್ತ ಮಾರಪ್ಪ ಅವಳನ್ನು ಎತ್ತಿಕೊಂಡ.

ಮಗು ಅವನ ಮುಖಕ್ಕೆ ಮುಖ ತಂದು ಮೂಸಿತು.

"ಅಪ್ಪಾ, ನಿನ್ನ ಮೀಸೇಲಿ ಹಾಲಿನ ವಾಸ್ನೆ ಐತೆ."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಸೆಯಿತ್ತು. ಮಾರಪ್ಪನಿಗೆ ಮುಖ ತಿರುಗಿಸಲೂ ಆಗಲಿಲ್ಲ. ಸೀತಾ ಅವನ ಕುತ್ತಿಗೆ ತಬ್ಬಿಕೊಂಡು ಮತ್ತೊಮ್ಮೆ ಮೂಸಿದಳು.