ಆಟಕ್ಕೊಮ್ಮೆ ಸಾಯುತ್ತಿದ್ದ ಮುರಿಗೆಪ್ಪ

ಮೂಡಲಗಿಯ ಕಿರಾಣಿ ಅಂಗಡಿಯ ಮುರಿಗೆಪ್ಪ ಬೆಲ್ಲ ತೂಗುವುದನ್ನು ನೋಡಬೇಕು. ತಕ್ಕಡಿಯನ್ನು ಬಿಲ್ಲಿನಂತೆ ಎತ್ತಿ, ಎದುರಿಗಿರುವ ಗಿರಾಕಿಗಲ್ಲ, ಹಿಂದಿನ ಸಾಲಿನ ಪ್ರೇಕ್ಷಕನಿಗೆ ಕೇಳಬೇಕೆಂಬಂತೆ "ಒಂದ ಸೇರ!" ಎಂದು ಗರ್ಜಿಸುತ್ತಾನೆ. ಎಂಟನೆಯ ವಯಸ್ಸಿನಿಂದ ಐದು ವರ್ಷ ಅವನು ನಾಟಕ ಕಂಪನಿಯಲ್ಲಿ ಹಾವು ಕಚ್ಚಿ ಸಾಯುವ ಪುಟ್ಟ ರಾಜಕುಮಾರನಾಗಿದ್ದ. ಗೋಕಾಕ, ಹುಕ್ಕೇರಿಗಳಲ್ಲಿ ಅವನ ಸಾವಿಗೆ ಅಳದ ಹೆಂಗಸೇ ಇರಲಿಲ್ಲ. ಈಗಲೂ ಮಧ್ಯಾಹ್ನ ಅಂಗಡಿಯ ಹಲಗೆಯ ಮೇಲೆ ಅಡ್ಡಾದರೆ ಉಸಿರಾಡುವುದೇ ತಿಳಿಯುವುದಿಲ್ಲ. ತುಕ್ಕಾನಟ್ಟಿಯ ಗಿರಾಕಿಯೊಬ್ಬ ಗಾಬರಿಯಾಗಿ ಮಂದಿ ಕೂಡಿಸಿಯೇಬಿಟ್ಟಿದ್ದ. "ದನಿ ಒಡೀದಿದ್ರ ನಾ ಇವತ್ತ ಎಲ್ಲೋ ಇರತಿದ್ದೆ ನೋಡ್ರಿ" ಎಂದು ಬಂದವರೆದುರೆಲ್ಲ ನಿಟ್ಟುಸಿರು ಬಿಡುತ್ತಾನೆ. ಆಗ ಮೂಲೆಯಲ್ಲಿ ಬೇಳೆ ಹಸನು ಮಾಡುತ್ತ ಕೂತ ಅವನ ತಾಯಿ ಲಕ್ಕವ್ವ ಸುಮ್ಮನೆ ನಗುತ್ತಾಳೆ. ಪ್ರತಿ ಆಟದಲ್ಲೂ ಅವನು ಸತ್ತು ಪರದೆ ಬಿದ್ದೊಡನೆ, ಅವನ ಸ್ವಂತ ಹೆಸರನ್ನು ಮೂರು ಸಲ ಕೂಗಿ, ಮೂರು ಸಲವೂ "ಓ" ಅನ್ನಿಸಿಕೊಂಡು, ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದವಳು ಅವಳು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಮಗನ ದನಿ ಒಡೆದು ಗಡಸಾದಾಗ ಕಂಪನಿಯ ಮಾಲಕ ತಲೆಯ ಮೇಲೆ ಕೈ ಹೊತ್ತು ಕೂತ, ಲಕ್ಕವ್ವ ಮಾತ್ರ ಓಣಿಗೆಲ್ಲ ಸಕ್ಕರೆ ಹಂಚಿದಳು: "ಇನ್ನ ನನ್ನ ಮಗಾ ಸಾಯೂದಿಲ್ರವ್ವಾ."