ಎಂಟು ಕೋಚುಗಳ ಪಟ್ಟಿ

ಕೋಚುಗಳಿಗೆ ರ್‍ಯಾಂಕು ಕೊಡಿ ಎಂದು ಯಾರೂ ನನ್ನ ಕಾಲು ಹಿಡಿದಿರಲಿಲ್ಲ. ನಾನೇ ಮೈಮೇಲೆ ಎಳೆದುಕೊಂಡ ಕೆಲಸ ಅದು. ಮಸ್ಕತ್ತಿನ ಸುತ್ತಮುತ್ತಲಿನ ಎಂಟು ಖಾಸಗಿ ಕಾಲೇಜುಗಳು ಸೇರಿ ಪ್ರತಿ ಚಳಿಗಾಲ ಬಾಸ್ಕೆಟ್‌ಬಾಲ್ ಲೀಗ್ ನಡೆಸುತ್ತವೆ. ನಾನು ಅದರ ಸ್ಕೋರರ್. ಹಗಲೆಲ್ಲ ರೂವಿಯ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕಾಗದ ತಿರುವುತ್ತೇನೆ. ಸಂಜೆ ಅಂಕಣದ ಪಕ್ಕದ ಮೇಜಿನಲ್ಲಿ ಕೂತು ಯಾರು ಬಾಸ್ಕೆಟ್ ಹಾಕಿದರು, ಯಾರು ಫೌಲ್ ಮಾಡಿದರು ಎಂದು ಗೀಚುತ್ತೇನೆ. ಮಂಗಳೂರಿನಲ್ಲಿ ಓದುವಾಗ ಕಾಲೇಜು ತಂಡದಲ್ಲಿ ನಾನೂ ಇದ್ದೆ. ಇದ್ದೆ ಎಂದರೆ ಎರಡು ವರ್ಷ ಬೆಂಚು ಬಿಸಿ ಮಾಡಿದೆ, ಅಷ್ಟೆ. ಕೊನೆಯ ಪಂದ್ಯದಲ್ಲಿ ಎರಡು ನಿಮಿಷ ಇಳಿಸಿದ್ದರು, ಪುಣ್ಯಾತ್ಮರು. ಕೋಚುಗಳನ್ನು ತೂಗಿ ನೋಡುವ ಚಟ ನನಗೆ ಆ ಬೆಂಚಿನ ಮೇಲೆಯೇ ಹತ್ತಿರಬೇಕು.

ಫೈನಲ್ ಮುಗಿದ ಮೇಲಿನ ಶುಕ್ರವಾರ ಮಧ್ಯಾಹ್ನ ಲೀಗಿನ ಕೆಲಸ ಮಾಡುವ ನಾವು ನಾಲ್ವರು ದಾರ್ಸೈಟಿನ ನನ್ನ ಫ್ಲ್ಯಾಟಿನಲ್ಲಿ ಸೇರುತ್ತಿದ್ದೆವು. ಹೆಂಡತಿ ಗೋಳಿಬಜೆ ಕರಿಯುತ್ತಿದ್ದಳು. ನಾನು ನನ್ನ ಪುಸ್ತಕ ತೆಗೆದು ಎಂಟು ಕೋಚುಗಳನ್ನು ಒಂದರಿಂದ ಎಂಟರವರೆಗೆ ಸಾಲಾಗಿ ಓದುವುದು, ಉಳಿದವರು ಜಗಳಕ್ಕೆ ನಿಲ್ಲುವುದು. ಮೊದಮೊದಲು ಬರೀ ತಮಾಷೆ. ಆಮೇಲೆ ಯಾರೋ ಅದನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಮರುವರ್ಷ ಲೀಗಿನ ಸ್ಮರಣ ಸಂಚಿಕೆಯ ಕೊನೆಯ ಪುಟದಲ್ಲಿ ಅಚ್ಚಾಯಿತು. ಆ ಸಂಚಿಕೆಯಲ್ಲಿ ಕಾಲೇಜುಗಳ ಆಡಳಿತದವರು ಓದುತ್ತಿದ್ದದ್ದು ಅದೊಂದೇ ಪುಟ. ನನಗೆ ಒಳಗೊಳಗೇ ಜಂಬ. ಸುಳ್ಳೇಕೆ ಹೇಳಲಿ!

ಗೆದ್ದ ಪಂದ್ಯ ಎಣಿಸಲು ನಾನು ಬೇಕಾಗಿಲ್ಲ, ಗೋಡೆಯ ಮೇಲಿನ ಬೋರ್ಡು ಸಾಕು. ದೊಡ್ಡ ಕಾಲೇಜಿನ ಕೋಚ್ ಹತ್ತಿರ ತೆಂಗಿನ ಮರದಷ್ಟು ಎತ್ತರದ ನಾಲ್ವರು ಹುಡುಗರಿದ್ದರೆ ಆ ಮನುಷ್ಯ ಆಕಳಿಸುತ್ತಾ ಕೂತರೂ ಗೆಲ್ಲುತ್ತಾನೆ. ನಾನು ಬರೆದುಕೊಳ್ಳುತ್ತಿದ್ದದ್ದು ಬೇರೆ. ಕೋಚ್ ಆಟ ನಿಲ್ಲಿಸಿ ಮಾತಾಡುವ ಟೈಮ್‌ಔಟ್ ಮುಗಿದ ಮುಂದಿನ ಮೂರು ನಿಮಿಷ ಆಟ ಬದಲಾಯಿತೇ? ಹತ್ತು ಪಾಯಿಂಟ್ ಹಿಂದೆ ಬಿದ್ದಾಗ ಹುಡುಗರು ಕೋಚ್ ಮುಖ ನೋಡುತ್ತಾರೋ, ನೆಲ ನೋಡುತ್ತಾರೋ? ತಂಡದ ಹನ್ನೆರಡು ಜನರಲ್ಲಿ ಎಷ್ಟು ಮಂದಿ ಬೆವರಿದರು? ನವೆಂಬರಿನಲ್ಲಿ ಬಾಲ್ ಹಿಡಿಯಲು ಬಾರದವನು ಫೆಬ್ರವರಿಯಲ್ಲಿ ಏನಾಗಿದ್ದಾನೆ? ಇವನ್ನೆಲ್ಲ ನೋಡಿ ರ್‍ಯಾಂಕು. ಫಿಲಿಪ್ಪೀನ್ಸ್‌ನ ಕೋಚ್ ಪ್ರತಿ ವರ್ಷ ನನಗೆ ಒಂದನೆಯವನು. ಒಂದೇ ಟೈಮ್‌ಔಟಿನಲ್ಲಿ ಪಂದ್ಯವನ್ನು ಮಗುಚಿ ಹಾಕುತ್ತಿದ್ದ. ಈಜಿಪ್ಟಿನವನು ಕಿರುಚಿ ಕಿರುಚಿ ಅರ್ಧ ಪಂದ್ಯ ಗೆಲ್ಲಿಸುತ್ತಿದ್ದ, ಉಳಿದರ್ಧದಲ್ಲಿ ಹುಡುಗರ ಕಿವಿ ಮುಚ್ಚಿಹೋಗಿರುತ್ತಿತ್ತು. ಅವನಿಗೆ ಐದೋ ಆರೋ.

ಎಂಟು ಜನರಲ್ಲಿ ಕನ್ನಡದವರು ಒಬ್ಬರೇ, ಮೈಸೂರಿನವರು. ಐವತ್ತು ದಾಟಿದ ಸಣಕಲು ಮನುಷ್ಯ. ಎಂಟರಲ್ಲಿ ತೀರಾ ಸಣ್ಣ ಕಾಲೇಜು ಅವರದು. ಅಲ್ಲಿನ ಹುಡುಗರಿಗೆ ಫುಟ್‌ಬಾಲ್ ಮೇಲೆ ಪ್ರಾಣ, ಬಾಸ್ಕೆಟ್‌ಬಾಲಿಗೆ ಬರುತ್ತಿದ್ದದ್ದು ಫುಟ್‌ಬಾಲ್ ತಂಡದಿಂದ ಉದುರಿದವರು. ಈ ಮನುಷ್ಯ ಒಂದು ದಿನವೂ ಕಿರುಚಿದ್ದು ನಾನು ಕಂಡಿಲ್ಲ. ಟೈಮ್‌ಔಟಿನಲ್ಲಿ ಎಲ್ಲರೂ ಆಜ್ಞೆ ಕೊಟ್ಟರೆ ಇವರು ತಮ್ಮ ಮುರುಕು ಅರಬ್ಬಿಯಲ್ಲಿ ‘ಏಶ್ ಶುಫ್ತ್?’ ಎಂದು ಕೇಳುತ್ತಿದ್ದರು. ಏನು ನೋಡಿದೆ ಎಂದರ್ಥ. ಹುಡುಗರೇ ಹೇಳಬೇಕು, ಎದುರಿನವರ ಎಡಗಡೆ ಖಾಲಿ ಉಂಟು, ಆ ಉದ್ದದವನಿಗೆ ಸುಸ್ತಾಗಿದೆ, ಹೀಗೆ. ಪ್ರತಿ ಪಂದ್ಯದಲ್ಲೂ ಹನ್ನೆರಡೂ ಜನ ಆಡಬೇಕು. ಅದರಿಂದಲೇ ಎರಡು ಪಂದ್ಯ ಕೈತಪ್ಪಿದ್ದೂ ಉಂಟು. ಬೆಂಚಿನಲ್ಲಿ ಕೂತು ಬೇರು ಬಿಟ್ಟಿದ್ದ ನಾನು ಅದನ್ನು ನೋಡಿದಾಗಲೆಲ್ಲ ಹನ್ನೆರಡನೆಯವನ ಹೆಸರನ್ನು ಕೊಂಚ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೆ.

ಪಂದ್ಯದ ದಿನ ಅವರು ವಾದಿ ಅದಾಯ್‌ನ ತಮ್ಮ ಮನೆಯಿಂದ ಬಂದು ನನ್ನನ್ನು ಕಾರಿನಲ್ಲಿ ಹತ್ತಿಸಿಕೊಳ್ಳುತ್ತಿದ್ದರು. ಇಲ್ಲಿನ ಡ್ರೈವಿಂಗ್ ಟೆಸ್ಟಿನಲ್ಲಿ ಐದು ಸಲ ಫೇಲಾಗಿ ಖಲಾಸ್ ಎಂದು ಕೈಬಿಟ್ಟವನು ನಾನು. ಕಾರಿನಲ್ಲಿ ಆಟದ ಮಾತು ಬಿಟ್ಟು ಬೇರೆ ಇರುತ್ತಿರಲಿಲ್ಲ. ಒಂದೇ ಒಂದು ಸಲ ಇತ್ತು. ಕಳೆದ ಸೀಸನ್ನಿನ ಕೊನೆಗೆ ರುಸ್ತಾಕ್‌ನಲ್ಲಿ ಒಂದು ಪಂದ್ಯ. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಅವರು ಲೋಟ ತಿರುಗಿಸುತ್ತಾ ಹೇಳಿದರು.

“ಜೂನ್‌ಗೆ ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತೆ ಸಾರ್. ಕಾಲೇಜಿಗೆ ಹೊಸ ಮ್ಯಾನೇಜರ್ ಬಂದಿದ್ದಾನೆ. ನಿಮ್ಮ ಲಿಸ್ಟಲ್ಲಿ ಮೊದಲ ಐದರೊಳಗೆ ಇದ್ರೆ ರಿನ್ಯೂ, ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀವಿ ಅಂದ.”

“ನಮ್ಮ ಲಿಸ್ಟಾ? ಅವನಿಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ?”

“ಅವನಿಗೆ ಬಾಸ್ಕೆಟ್‌ಬಾಲ್ ಗೊತ್ತಿಲ್ಲ, ಲಿಸ್ಟ್ ಓದೋಕೆ ಗೊತ್ತು. ಮಗಳು ಈಗ ಹನ್ನೊಂದನೇ ಕ್ಲಾಸು. ಹನ್ನೆರಡು ಇಲ್ಲೇ ಮುಗಿಸಿಬಿಟ್ರೆ ಸಾಕು ನನಗೆ. ಮಧ್ಯದಲ್ಲಿ ಊರಿಗೆ ಕರ್ಕೊಂಡು ಹೋದ್ರೆ ಯಾವ ಸ್ಕೂಲಲ್ಲಿ ಸೇರಿಸ್ಕೋತಾರೆ? ಒಂದು ವರ್ಷ, ಒಂದೇ ವರ್ಷ.” ಆಮೇಲೆ ಅವರಿಗೇ ಮುಜುಗರವಾಯಿತು. “ನಿಮ್ಮತ್ರ ಹೇಳಬಾರದಿತ್ತು. ಮರೆತುಬಿಡಿ ಸಾರ್, ಪ್ಲೀಸ್.”

ನನ್ನ ಪುಸ್ತಕದಲ್ಲಿ ಆಗಲೇ ಅವರು ಮೂರನೆಯವರಾಗಿದ್ದರು. ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳದಿದ್ದರೂ ಮನಸ್ಸು ಹಗುರವಾಗಿತ್ತು. ಗೊತ್ತಿರಲಿಲ್ಲ ಎಂದು ಈಗ ಯಾರ ಎದುರೂ ನಾನು ಹೇಳುವ ಹಾಗಿಲ್ಲ. ಎಲ್ಲ ಗೊತ್ತಿತ್ತು.

ಪಟ್ಟಿಯ ಶುಕ್ರವಾರ ಬಂತು. ನಾಲ್ವರಲ್ಲಿ ಒಬ್ಬ ಬೆಂಗಳೂರಿನ ಎಂಜಿನಿಯರ್, ಪಟ್ಟಿಯನ್ನು ಫೋನಿನಲ್ಲಿ ಟೈಪ್ ಮಾಡುವವನು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನಾಲಿಗೆ ಮಾತ್ರ ಉದ್ದ. ಗೋಳಿಬಜೆ ಮುರಿಯುತ್ತಾ ಶುರು ಮಾಡಿದ, “ಏನ್ ಸಾರ್, ಈ ಸಲ ನಿಮ್ಮ ಡ್ರೈವರ್‌ಗೆ ಎಷ್ಟನೇ ರ್‍ಯಾಂಕು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಮೇಜಿನ ಮುಂದೆ ಕೂತವನು ನಾನು, ಒಂದು ಪಾಯಿಂಟ್ ಆಚೀಚೆ ಮಾಡಿದ್ದು ಯಾರಾದರೂ ತೋರಿಸಲಿ ನೋಡುವ! ನನಗೇ ಊರಿನವರು, ಭಾಷೆಯವರು, ಕಾರಿನವರು ಎಂಬ ಪಕ್ಷಪಾತದ ಮಾತೇ? ಪುಸ್ತಕ ಬಿಡಿಸಿದೆ. ಒಂದು, ಎರಡು ಓದಿದೆ. ಮೂರಕ್ಕೆ ಬಂದಾಗ ಬೇರೆಯವರ ಹೆಸರು ಓದಿದೆ. ನಾಲ್ಕು, ಐದು. ಆರಕ್ಕೆ ಮೈಸೂರಿನವರ ಹೆಸರು ಹೇಳಿ ಎಲ್ಲರ ಮುಖ ನೋಡಿದೆ.

ನನ್ನ ತಲೆಯಲ್ಲಿ ಏನಿತ್ತು ಎಂದು ಹೇಳುತ್ತೇನೆ, ನಗಬೇಡಿ. ನಮ್ಮ ಕಡೆ ಊಟಕ್ಕೆ ಕೂತವನು ಪಾಯಸದ ಸೌಟು ಬಂದಾಗ ‘ಬೇಡ, ಬೇಡ’ ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ. ಬಡಿಸುವವನು ಬಿಡುವುದಿಲ್ಲ, ‘ಹಾಗೆಂದರೆ ಹೇಗೆ, ಒಂದು ಸೌಟು’ ಎಂದು ಸುರಿಯುತ್ತಾನೆ. ಬೇಡ ಎಂದವನಿಗೂ ಬೇಕಿತ್ತು, ಬಡಿಸಿದವನಿಗೂ ಅದು ಗೊತ್ತಿತ್ತು. ಹಾಗೆಯೇ ಈ ಮೂವರೂ ಒತ್ತಾಯ ಮಾಡುತ್ತಾರೆ ಎಂದುಕೊಂಡಿದ್ದೆ. ‘ಛೆ ಛೆ, ಆರು ಅನ್ಯಾಯ, ಮೇಲೆ ಹಾಕಿ, ನಾವು ತಮಾಷೆಗೆ ಹೇಳಿದ್ದು’ ಎನ್ನುತ್ತಾರೆ. ನಾನು ಒಲ್ಲದ ಮನಸ್ಸಿನಿಂದ ಎಂಬಂತೆ ಮೈಸೂರಿನವರನ್ನು ಮೂರಕ್ಕೆ ಏರಿಸುತ್ತೇನೆ. ಮಾತು ಈ ಮೂವರ ಬಾಯಿಂದ ಬಂದ ಹಾಗಾಗುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಎಂಥಾ ಬುದ್ಧಿವಂತ ನಾನು!

ಯಾರೂ ಒತ್ತಾಯ ಮಾಡಲಿಲ್ಲ. ಪುಸ್ತಕ ಇರುವುದು ನನ್ನ ಹತ್ತಿರ, ನಾನು ಆರು ಎಂದರೆ ಆರೇ ಇರಬೇಕು ಎಂದುಕೊಂಡರು. ಎಂಜಿನಿಯರ್ ಹುಬ್ಬು ಹಾರಿಸಿ, “ಪರವಾಗಿಲ್ವೇ! ಸ್ಟ್ರಿಕ್ಟ್ ಅಂದ್ರೆ ನೀವು ಸ್ಟ್ರಿಕ್ಟ್ ಸಾರ್” ಎಂದು ಟೈಪ್ ಮಾಡಿದ. ಏಳು, ಎಂಟು ಓದಿದೆ. ತಟ್ಟೆ ಖಾಲಿಯಾಗುವ ಮೊದಲೇ ಪಟ್ಟಿ ಗುಂಪಿಗೆ ಹೋಗಿ ಆಗಿತ್ತು. ಆ ಹೊಗಳಿಕೆ ಕೇಳಿ ಒಂದು ಗಳಿಗೆ ನನಗೆ ಖುಷಿಯಾದದ್ದನ್ನು ನೆನೆದರೆ ಈಗ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನಿಸುತ್ತದೆ.

ಅವರೆಲ್ಲ ಹೋದ ಮೇಲೆ ಹೆಂಡತಿಗೆ ಹೇಳಿದೆ. “ಈರೆಗ್ ಮರ್ಲಾ?” ಎಂದಳು. ನಿಮಗೆ ಹುಚ್ಚಾ ಎಂದು ತುಳುವಿನಲ್ಲಿ ಕೇಳಿದ್ದು. “ಈಗಲೇ ಆ ಎಂಜಿನಿಯರಿಗೆ ಫೋನ್ ಮಾಡಿ, ತಪ್ಪಾಯ್ತು ಅಂತ ಹೇಳಿ. ಅದರಲ್ಲಿ ಎಂತ ಉಂಟು?”

ಫೋನ್ ಕೈಗೆ ತೆಗೆದುಕೊಂಡೆ, ಇಟ್ಟೆ. ಈಗ ತಿದ್ದಿದರೆ, ‘ನೋಡಿ, ಕಾರಿನ ಋಣ ತೀರಿಸಿದರು’ ಎನ್ನುವುದಿಲ್ಲವೇ? ನಾಳೆ ಮಾಡುವ ಎಂದುಕೊಂಡೆ. ನಾಳೆ ಆಫೀಸಿನಲ್ಲಿ ಹಡಗು ತಡವಾಗಿತ್ತು. ನಾಡಿದ್ದು ಬೇರೆ ಏನೋ ಇತ್ತು. ಹೆಂಡತಿ ಎರಡು ದಿನ ಕೇಳಿದಳು, ಮೂರನೆಯ ದಿನ ಕೇಳುವುದನ್ನು ಬಿಟ್ಟಳು. ಹತ್ತು ದಿನಕ್ಕೆ ಸಂಚಿಕೆ ಅಚ್ಚಾಗಿ ಬಂತು. ಮ್ಯಾನೇಜರ್ ಬರೀ ಮಾತಿಗೆ ಹೇಳಿದ್ದಿರಬಹುದು, ಅಷ್ಟು ಒಳ್ಳೆಯ ಕೋಚನ್ನು ಯಾರಾದರೂ ಬಿಡುತ್ತಾರೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬಿಟ್ಟರು. ಏಪ್ರಿಲಿನಲ್ಲಿ ಕಾಗದ ಕೊಟ್ಟರು. ಹುಡುಗಿ ಹನ್ನೆರಡನೆಯ ಕ್ಲಾಸಿನ ಪುಸ್ತಕ ಕೊಂಡು ಎರಡು ವಾರವೂ ಆಗಿರಲಿಲ್ಲ. ಅವರೇ ಫೋನ್ ಮಾಡಿ ಹೇಳಿದರು, “ಆಗ್ಲಿಲ್ಲ ಸಾರ್.” ಮತ್ತೊಂದು ಮಾತಿಲ್ಲ, ದೂರಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು “ಛೆ, ಛೆ” ಎಂದೆ.

ಮೇ ತಿಂಗಳ ಒಂದು ಶುಕ್ರವಾರ ಅವರು ಮನೆಗೆ ಬಂದರು. ಹೊರಗೆ ಬೆಂಕಿ ಬಿಸಿಲು, ಅಂಗಿ ಬೆನ್ನಿಗೆ ಅಂಟಿತ್ತು. ಸಾವಿರ ಕಿಲೋಮೀಟರ್ ದೂರದ ಸಲಾಲಾದ ಒಂದು ಶಾಲೆಯಲ್ಲಿ ಆಟದ ಮೇಷ್ಟರ ಕೆಲಸ ಇದೆಯಂತೆ. ಅದು ಸಿಕ್ಕರೆ ವೀಸಾ ಉಳಿಯುತ್ತದೆ, ತಾಯಿ ಮಗಳು ಇಲ್ಲಿ ಮಸ್ಕತ್ತಿನಲ್ಲೇ ಇರಬಹುದು, ಪರೀಕ್ಷೆ ಮುಗಿಯುತ್ತದೆ. ಆ ಶಾಲೆಯವರು ಅವರ ಕೆಲಸ ಕಂಡ ಯಾರಿಂದಾದರೂ ಒಂದು ಪತ್ರ ಕೇಳಿದ್ದರು.

“ನನ್ನ ಎಲ್ಲಾ ಮ್ಯಾಚೂ ನೋಡಿದವರು ನೀವೊಬ್ಬರೇ. ಇದ್ದದ್ದು ಇದ್ದ ಹಾಗೆ ಬರೀರಿ ಸಾರ್, ಜಾಸ್ತಿ ಬೇಡ” ಎಂದರು.

ನಾನು ಕಂಪ್ಯೂಟರಿನ ಮುಂದೆ ಕೂತು ಒಂದೇ ಉಸಿರಿಗೆ ಒಂದು ಪುಟ ಬರೆದೆ. ಟೈಮ್‌ಔಟಿನಲ್ಲಿ ಹುಡುಗರನ್ನು ಮಾತಾಡಿಸುವುದು, ಹನ್ನೆರಡೂ ಜನರನ್ನು ಆಡಿಸುವುದು, ಫುಟ್‌ಬಾಲಿನಿಂದ ಉದುರಿದವರನ್ನು ಆಟಗಾರರನ್ನಾಗಿ ಮಾಡಿದ್ದು, ಎಲ್ಲ ಬರೆದೆ. ಕೊನೆಗೆ, ಎಂಟು ಕೋಚುಗಳಲ್ಲಿ ನನ್ನ ಪ್ರಕಾರ ಇವರು ಮೂರನೆಯವರು ಎಂದು ಬರೆದೆ. ಪಾಪ ತೊಳೆದುಹೋಗುವುದು ಇಷ್ಟು ಸುಲಭ ಎಂದುಕೊಂಡಿದ್ದೆನೇನೋ.

ಅವರು ಕನ್ನಡಕ ಹಾಕಿ ನಿಧಾನವಾಗಿ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು.

“ಮೂರಾ ಸಾರ್?”

“ಹೌದು.”

“ನಿಮ್ಮ ಪುಸ್ತಕದಲ್ಲಿ ಮೊದಲಿಂದಾನೂ ಮೂರೇ ಇತ್ತಾ?”

ನಾನು ಎಲ್ಲ ಹೇಳಿದೆ. ಗೋಳಿಬಜೆ, ಡ್ರೈವರ್ ಎಂದದ್ದು, ಯಾರಾದರೂ ಒತ್ತಾಯ ಮಾಡುತ್ತಾರೆ ಎಂದು ಕಾದದ್ದು. ಹೇಳುತ್ತಾ ಹೇಳುತ್ತಾ ನನಗೇ ಹೇಸಿಗೆಯಾಯಿತು. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆಯ ಸದ್ದು ನಿಲ್ಲಿಸಿ ನಿಂತಿದ್ದಳು. ಅವರು ಸಿಟ್ಟು ಮಾಡಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

“ನಾನು ನಿಜವಾಗ್ಲೂ ಆರನೆಯವನೇ ಅಂದ್ಕೊಂಡಿದ್ದೆ ಸಾರ್. ನೀವು ಸುಳ್ಳು ಬರೆಯೋರಲ್ಲ ಅಲ್ವಾ, ಅದಕ್ಕೆ. ಮೂವತ್ತು ವರ್ಷ ಮಾಡಿದ್ದು ಇಷ್ಟೇ ಏನೋ ಅಂತ. ಮಗಳ ಹತ್ರಾನೂ ಹಾಗೇ ಹೇಳಿದ್ದೆ, ನಾನು ಅಷ್ಟು ಚೆನ್ನಾಗಿ ಮಾಡ್ಲಿಲ್ಲ ಪುಟ್ಟಾ, ಅದಕ್ಕೇ ಹೋಗ್ಬೇಕಾಯ್ತು ಅಂತ.”

ನಾನು ಕ್ಷಮಿಸಿ ಎನ್ನಬೇಕಿತ್ತು. ಕಾಫಿ ಕುಡಿಯುತ್ತೀರಾ ಎಂದು ಕೇಳಿದೆ.

ಅವರು ಕಾಗದವನ್ನು ಮೇಜಿನ ಮೇಲಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟರು. “ಇದೊಂದು ತೆಗೀರಿ ಸಾರ್. ಸಲಾಲಾದವರ ಹತ್ರ ನಿಮ್ಮ ಸಂಚಿಕೆ ಇದೆ, ಇಂಟರ್‌ವ್ಯೂನಲ್ಲಿ ಮೇಜಿನ ಮೇಲೇ ಇತ್ತು. ಅದರಲ್ಲಿ ಆರು ಅಂತ ಅಚ್ಚಾಗಿದೆ. ಇಲ್ಲಿ ಮೂರು ಅಂತ ಕಂಡ್ರೆ ಗುರುತಿನವರ ಹತ್ರ ಬರೆಸ್ಕೊಂಡು ಬಂದಿದ್ದಾನೆ ಅಂತಾರೆ. ಉಳಿದದ್ದನ್ನೂ ನಂಬಲ್ಲ.”

“ಆದ್ರೆ ಅದೇ ನಿಜ ಅಲ್ವಾ ಮಾರಾಯ್ರೆ…”

“ಗೊತ್ತಾಯ್ತು ಸಾರ್. ಈಗ ತೆಗೀರಿ.”

ನಾನು ಮತ್ತೆ ಕೂತೆ. ಅವರು ನನ್ನ ಹೆಗಲ ಹಿಂದೆ ನಿಂತು ನೋಡುತ್ತಿದ್ದರು. ಆ ಸಾಲನ್ನು ಅಳಿಸಿ, ಉಳಿದದ್ದನ್ನು ಪ್ರಿಂಟ್ ಮಾಡಿ, ಸಹಿ ಹಾಕಿ ಕೊಟ್ಟೆ. ಅವರು ಇನ್ನೊಮ್ಮೆ ಕೊನೆಯವರೆಗೂ ಓದಿ, ಆ ಸಾಲು ಇಲ್ಲವೆಂದು ಖಚಿತ ಮಾಡಿಕೊಂಡು, ಥ್ಯಾಂಕ್ಸ್ ಸಾರ್ ಎಂದರು.