ಕಂಟ್ರೋಲರ್ ಮಂಟೇಸ್ವಾಮಿ ಮತ್ತೆ ಚೆಸ್ ಕಲಿತದ್ದು

ತೊಂಬತ್ತರ ದಶಕದಲ್ಲಿ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾದವರು ಮಂಟೇಸ್ವಾಮಿಯ ಮುಖ ಮರೆತಿರಬಹುದು, ಗಂಟಲು ಮರೆತಿರಲಾರರು. "ತಾಂಡವಪುರ, ಮೈಸೂರು, ಬಲಗಡೆ ನಿಂತದೆ ನೋಡ್ರಪ್ಪೋ" ಎಂದು ಆತ ಕೂಗಿದರೆ ಹೊಳೆಯಲ್ಲಿ ಬಟ್ಟೆ ಹಿಂಡುತ್ತಿದ್ದವರೂ ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದರಂತೆ. ಅಷ್ಟು ದೂರ ಕೇಳಿಸುತ್ತಿತ್ತೋ ಇಲ್ಲವೋ, ಹೇಳುವವರು ಹಾಗೆ ಹೇಳುತ್ತಾರೆ. ಊರು ದೇವನೂರು, ಕೆಲಸ ಬಸ್ ಸ್ಟ್ಯಾಂಡಿನ ಕಂಟ್ರೋಲರು. ಯಾವ ಬಸ್ಸು ಯಾವಾಗ ಬಂತು, ಯಾವಾಗ ಹೊರಟಿತು ಎಂದು ಬರೆದುಕೊಳ್ಳುವುದು, ತಡವಾಗಿ ಬಂದ ಡ್ರೈವರನ್ನು ಬೈಯುವುದು, ಹೊತ್ತಿಗೆ ಮುಂಚೆ ಹೊರಟವನನ್ನು ಇನ್ನೂ ಜೋರಾಗಿ ಬೈಯುವುದು.

ಆ ಕಂಟ್ರೋಲ್ ರೂಮಿನ ಕಿಟಕಿ ಕಟ್ಟೆಯ ಮೇಲೆ ಒಂದು ಚೆಸ್ ಬೋರ್ಡು ಸದಾ ಹಾಸಿಕೊಂಡಿರುತ್ತಿತ್ತು. ಗುಡಿಸುವವರಿಗೂ ಅದನ್ನು ಮುಟ್ಟುವ ಅಪ್ಪಣೆ ಇರಲಿಲ್ಲ. ಆಡುವವರು ಇಬ್ಬರೇ, ಮಂಟೇಸ್ವಾಮಿ ಮತ್ತು ಟಿ. ನರಸೀಪುರದ ಬಸ್ಸಿನ ಡ್ರೈವರು ಚಿಕ್ಕಮಾದು. ಅವರ ಆಟದ ಕ್ರಮವೇ ಬೇರೆ. ದಿನಕ್ಕೆ ಮೂರು ಸಲ ನರಸೀಪುರದ ಬಸ್ಸು ಬರುತ್ತಿತ್ತು. ಬಂದ ಕೂಡಲೇ ಚಿಕ್ಕಮಾದು ಒಂದು ನಡೆ ನಡೆಸಬೇಕು, ಬಸ್ಸು ಹೊರಡುವ ಮುಂಚೆ ಮಂಟೇಸ್ವಾಮಿ ಒಂದು ನಡೆ ನಡೆಸಬೇಕು. ಅಷ್ಟೇ. ಮುಂದಿನದು ಮುಂದಿನ ಟ್ರಿಪ್ಪಿಗೆ. ಚಿಕ್ಕಮಾದು ನರಸೀಪುರ ಮುಟ್ಟಿ ತಿರುಗಿ ಬರುವಷ್ಟೂ ಹೊತ್ತು ಇಬ್ಬರ ತಲೆಯಲ್ಲೂ ಅದೇ ಬೋರ್ಡು. ಒಂದು ಆಟ ಮುಗಿಯಲು ಹದಿನೈದು ದಿನ ಹಿಡಿಯುತ್ತಿತ್ತು.

"ಏನ್ಲಾ ಮಾದು, ಇಪ್ಪತ್ತು ನಿಮಿಷ ಲೇಟು?"

"ದಾರೀಲಿ ಎತ್ತಿನಗಾಡಿ ಅಡ್ಡ ಬಂತು ಕಣ್ಲಾ."

"ಸುಳ್ಳು ಬೊಗಳಬ್ಯಾಡ. ನಿನ್ ಒಂಟೆ ಸಿಕ್ಕಾಕ್ಕೊಂಡದೆ. ಅದನ್ನ ಬಿಡಿಸ್ಕಳದು ಎಂಗೆ ಅಂತ ತಲೆ ಕೆಡಿಸ್ಕಂಡು ಓಡಿಸ್ಕಂಡ್ ಬಂದಿದ್ದೀಯ."

"ಬರ್ಕೋ ಓಗು, ನಿನ್ ಬುಕ್ಕಿನಲ್ಲಿ ಒಂಟೆ ದೆಸೆಯಿಂದ ಲೇಟು ಅಂತ."

ಅವರು ಆಡುತ್ತಿದ್ದದ್ದು ಊರ ಜಗಲಿಯ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ದಾಟುತ್ತದೆ. ರಾಜನಿಗೆ ಒಂದೇ ಒಂದು ಸಲ ಕುದುರೆಯಂತೆ ನೆಗೆಯುವ ಅವಕಾಶವಿದೆ. ಈ ನಿಯಮ ಬೇರೆಲ್ಲೂ ನಡೆಯುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಹದಿನಾಲ್ಕು ವರ್ಷ ಹೀಗೇ ಆಡಿದರು. ಗೆಲುವು ಸೋಲು ಹೆಚ್ಚುಕಮ್ಮಿ ಸಮ.

ಎರಡು ಸಾವಿರದ ಐದರಲ್ಲಿ ಚಿಕ್ಕಮಾದು ರಿಟೈರ್ ಆದ. ನರಸೀಪುರದಲ್ಲೇ ಮನೆ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದು ಸೊಂಟ ಹೋಗಿತ್ತು, ಇನ್ನು ಬಸ್ಸು ಹತ್ತಲೇಬೇಡ ಎಂದಿದ್ದರು ಡಾಕ್ಟರು. ಮಂಟೇಸ್ವಾಮಿ ಮೊದಮೊದಲು ರಜೆಯ ದಿನ ಹೋಗಿ ಬರುತ್ತಿದ್ದ. ಆಮೇಲೆ ಆ ರಜೆಯನ್ನು ಒಂದು ಸಲ ನೆಂಟರ ಮದುವೆ, ಇನ್ನೊಂದು ಸಲ ಮನೆಗೆ ಸುಣ್ಣ, ಮತ್ತೊಂದು ಸಲ ಮೈಯ ಆಲಸ್ಯ ತಿಂದುಹಾಕಿದವು. ಕಿಟಕಿಯ ಮೇಲಿನ ಬೋರ್ಡು ಮಡಚಿ ಬೀರುವಿನೊಳಗೆ ಹೋಯಿತು. ನರಸೀಪುರದ ಬಸ್ಸು ಬಂದಾಗ ಆತ ಸುಮ್ಮನೆ ಹೊತ್ತು ಬರೆದುಕೊಳ್ಳುತ್ತಿದ್ದ. ಹೊಸ ಡ್ರೈವರನಿಗೆ ಬೈಯಲೂ ಮನಸ್ಸು ಬರುತ್ತಿರಲಿಲ್ಲ.

ಎರಡು ವರ್ಷ ಹೀಗೆ ಕಳೆದ ಮೇಲೆ ಒಂದು ದಿನ ಫೋನು ಬಂತು.

"ಮಂಟಯ್ಯ, ಕಂಪ್ಯೂಟರ್‌ನಲ್ಲಿ ಆಡ್ಬೋದು ಕಣ್ಲಾ. ನನ್ ಮಗಳು ಪಲ್ಲವಿ ಓದಾಕೆ ಅಂತ ತಂದಿದ್ದು, ಈಗ ನಾನೇ ಕೂತ್ಕಂಡಿರ್ತೀನಿ. ನೀನಲ್ಲಿ, ನಾನಿಲ್ಲಿ. ಭಾನುವಾರ ಅತ್ತು ಗಂಟೆಗೆ ಬಾ."

ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ರೋಜಾ ಎಂಬಾಕೆ ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದಳು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಆಗ ಪ್ಲೈವುಡ್ಡಿನ ಆರು ಗೂಡು, ಗೂಡಿಗೊಂದು ಡಬ್ಬಿಯಂಥ ಕಂಪ್ಯೂಟರು, ಮೇಲೊಂದು ಫ್ಯಾನು. ಭಾನುವಾರಕ್ಕೆ ಮುಂಚೆ ಕೈ ಪಳಗಿಸಿಕೊಳ್ಳೋಣವೆಂದು ಮಂಟೇಸ್ವಾಮಿ ಗುರುವಾರವೇ ಹೋದ. ರೋಜಾ ಅವನ ಹೆಸರಲ್ಲಿ ಖಾತೆ ತೆರೆದುಕೊಟ್ಟಳು. ಯಾವ ದೇಶದವನೋ ಒಬ್ಬ ಎದುರಿಗೆ ಸಿಕ್ಕ. ಮಂಟೇಸ್ವಾಮಿ ಕಾಲಾಳನ್ನು ಒಂದು ಮನೆ ಮುಂದಿಟ್ಟ, ಎದ್ದ, ಚಪ್ಪಲಿ ಮೆಟ್ಟಿದ.

"ಎಲ್ಲಿಗ್ ಸಾ?"

"ನನ್ ನಡೆ ಆಯ್ತಲ್ಲವ್ವ. ಅವ್ನು ಯೋಚ್ನೆ ಮಾಡ್ಲಿ. ನಾಳೆ ಬತ್ತೀನಿ."

"ಅಯ್ಯೋ ಸಾ, ಅಲ್ಲಿ ಗಡಿಯಾರ ಓಡ್ತಾದೆ ನೋಡಿ! ಐದು ನಿಮಿಷದ ಆಟ ಅದು, ಕುಂತ್ಕಳಿ!"

ಜೀವಮಾನವೆಲ್ಲ ಊರಿನವರಿಗೆ ಹೊತ್ತು ಹೇಳಿದವನು ಆ ಪುಟ್ಟ ಗಡಿಯಾರ ಕಂಡು ಚಪ್ಪಲಿ ಬಿಟ್ಟು ದಡಬಡ ಕೂತ. ಆ ಆಟ ಸೋತ. ಮುಂದಿನದರಲ್ಲಿ ರಾಜನನ್ನು ಕುದುರೆಯಂತೆ ನೆಗೆಸಲು ಹೋದರೆ ಕಂಪ್ಯೂಟರು ರಾಜನನ್ನು ಮತ್ತೆ ಮತ್ತೆ ಹಳೇ ಮನೆಗೇ ತಂದಿಟ್ಟಿತು. "ಮಿಷನ್ ಕೆಟ್ಟದೆ ಕಣವ್ವ" ಎಂದ. ಕೆಟ್ಟಿರಲಿಲ್ಲ. ಅದನ್ನೂ ಸೋತ.

ಭಾನುವಾರ ಚಿಕ್ಕಮಾದುವಿನ ಜೊತೆ ಆಡಿದರೆ ಅಲ್ಲೂ ಸೋಲು. ಮುಂದಿನ ಭಾನುವಾರವೂ ಅದೇ. ಚಿಕ್ಕಮಾದು ಮನೆಯಲ್ಲಿ ಎರಡು ವರ್ಷ ಕಂಪ್ಯೂಟರಿನ ಮುಂದೆ ಪಳಗಿದ್ದ, ಹೊಸ ನಿಯಮವೆಲ್ಲ ಕರಗತವಾಗಿತ್ತು. ಮಂಟೇಸ್ವಾಮಿ ಛಲಕ್ಕೆ ಬಿದ್ದು ದಿನಾ ಡ್ಯೂಟಿ ಮುಗಿಸಿ ಮಹಡಿ ಹತ್ತತೊಡಗಿದ. ಐದು ನಿಮಿಷದ ಆಟ, ಸೋಲು, ಸಿಟ್ಟು, ಆ ಸಿಟ್ಟಿನಲ್ಲೇ ಇನ್ನೊಂದು ಆಟ. ಒಂದೇ ಸಂಜೆ ಹನ್ನೊಂದು ಆಟ ಸೋತು ಇಳಿದು ಬಂದದ್ದೂ ಉಂಟು.

ಒಂಬತ್ತನೆಯ ಭಾನುವಾರ ಚಿಕ್ಕಮಾದು ತನ್ನ ಮಂತ್ರಿಯನ್ನು ತಂದು ಮಂಟೇಸ್ವಾಮಿಯ ಕುದುರೆಯ ಬಾಯಿಗೇ ಇಟ್ಟ. ಮಂಟೇಸ್ವಾಮಿ ಹೊಡೆದ, ಗೆದ್ದ. ಮನೆಯಲ್ಲಿ ಹೆಂಡತಿ ಮರಿತಾಯಮ್ಮ ಅವನನ್ನೇ ನೋಡಿದಳು.

"ಸೋತ್ರಾ?"

"ಗೆದ್ದೆ."

"ಗೆದ್ದಿರೋ ಮುಖವಾ ಇದು? ಮಸಿ ಬಳ್ದಂಗದೆ."

ಹದಿನಾಲ್ಕು ವರ್ಷದಲ್ಲಿ ಚಿಕ್ಕಮಾದು ಒಂದು ಸಲವೂ ಮಂತ್ರಿಯನ್ನು ಹಾಗೆ ಬಿಟ್ಟವನಲ್ಲ. ಊಟಕ್ಕೆ ಕೂರದೆ ಮಂಟೇಸ್ವಾಮಿ ಫೋನು ಮಾಡಿದ.

"ಬೇಕಂತ ಕೊಟ್ಟೇನ್ಲಾ ಮಂತ್ರೀನ?"

"ದಿನಾ ಸೋತು ಬೇಜಾರಾಗಿ ನೀನು ಬರೋದೇ ಬಿಟ್ಬುಟ್ರೆ ನಾನ್ ಯಾರ್ ಜೊತೆ ಆಡ್ಲಿ ಮಂಟಯ್ಯ?"

"ಮಕ್ಕಳನ್ನ ಗೆಲ್ಲಿಸ್ದಂಗೆ ನನ್ನ ಗೆಲ್ಲಿಸ್ತೀಯೇನ್ಲಾ? ಇನ್ನು ಮೂರು ತಿಂಗ್ಳು ನಾನು ನಿನ್ ಎದುರಿಗೆ ಕೂರಾಕಿಲ್ಲ. ಕೂತಾಗ ನೀನು ನಂಗೆ ಒಂದು ಕಾಲಾಳೂ ಬಿಡಕೂಡ್ದು."

ಹೇಳುವುದೇನೋ ಹೇಳಿಬಿಟ್ಟ. ಮೂರು ತಿಂಗಳ ಮೇಲೂ ಹೀಗೇ ಇದ್ದರೆ? ಆಗ ಚಿಕ್ಕಮಾದುವಿನ ಕರುಣೆಯಲ್ಲೇ ಆಡಬೇಕು, ಇಲ್ಲವೇ ಆಟ ಬಿಡಬೇಕು. ಎರಡೂ ಬೇಡವಾಗಿತ್ತು ಅವನಿಗೆ.

ಮರುದಿನ ಗೂಡಿನಲ್ಲಿ ಕೂತು ಹೊಸ ಆಟಕ್ಕೆ ಒತ್ತಬೇಕು, ಅಷ್ಟರಲ್ಲಿ ರೋಜಾ ಹಿಂದೆ ಬಂದು ನಿಂತಳು. ಅವಳಿಗೆ ಚೆಸ್ಸಿನ ಗಂಧಗಾಳಿ ಇರಲಿಲ್ಲ, ಕಂಪ್ಯೂಟರು ಗೊತ್ತಿತ್ತು.

"ಸಾ, ಒಂದ್ ಮಾತು. ನೀವು ಆಡಿದ್ದೆಲ್ಲ ಇದರೊಳಗೇ ಕೂತದೆ. ಸೋತಿದ್ದನ್ನ ಒಂದ್ ದಿವ್ಸಾನೂ ತೆಗ್ದು ನೋಡಿಲ್ವಲ್ಲ?"

ಅವಳು ಪಟ್ಟಿ ತೆರೆದಳು. ಹಳೆಯ ಆಟಗಳನ್ನು ಒಂದೊಂದೇ ನಡೆಯಾಗಿ ಓಡಿಸಿದಳು. ನಾಲ್ಕನೆಯ ಆಟಕ್ಕೇ ಅವಳಿಗೆ ಕಂಡಿತು. "ಈ ಕಿರೀಟದ್ದು ಯಾವುದ್ ಸಾ, ಪ್ರತಿ ಸಲ ಮೊದಲೇ ಓಡೋಗಿ ಸಿಕ್ಕಾಕ್ಕೊಳ್ತಾದಲ್ಲ?"

ಅದು ಮಂತ್ರಿ. ಮಂಟೇಸ್ವಾಮಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಚೆಸ್ಸೇ ಬಾರದವಳ ಕಣ್ಣಿಗೆ ಬಿದ್ದದ್ದು ತನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಂದಿನಿಂದ ಆತ ಐದು ನಿಮಿಷದ ಆಟ ಬಿಟ್ಟ. ದಿನಕ್ಕೆ ಒಂದೇ ಆಟ, ಇಬ್ಬರಿಗೂ ಅರ್ಧರ್ಧ ಗಂಟೆ. ಕುದುರೆ, ಒಂಟೆ ಹೊರಗೆ ಬರಬೇಕು, ರಾಜ ಮೂಲೆಯಲ್ಲಿ ಆನೆಯ ಮರೆಗೆ ಸೇರಬೇಕು, ಅಲ್ಲಿಯತನಕ ಮಂತ್ರಿ ಹೊಸಿಲು ದಾಟಕೂಡದು. ದಿನವೂ ಅದೇ ಶುರು, ಬೇರೆ ಬೇರೆ ಚಮತ್ಕಾರದ ಗೊಡವೆಯೇ ಬೇಡ. ಸೋತರೆ ಇನ್ನೊಂದು ಆಟಕ್ಕೆ ಒತ್ತುವಂತಿಲ್ಲ. ಸೋತದ್ದನ್ನೇ ತಿರುಗಿ ಓಡಿಸಿ, ಎಲ್ಲಿ ಮೊದಲು ಎಡವಿದೆ ಎಂದು ಹುಡುಕಿ, ಒಂದು ಸಾಲು ಬರೆದುಕೊಂಡು ಮನೆಗೆ ಹೋಗಬೇಕು. ‘ಒಂಟೆ ದೂರದಿಂದ ನೋಡುತ್ತಿತ್ತು, ನಾನು ನೋಡಲಿಲ್ಲ.’ ಇಂಥ ಸಾಲುಗಳೇ ತಿಂಗಳೊಪ್ಪತ್ತಿನಲ್ಲಿ ನೋಟ್‌ಬುಕ್ಕಿನ ಎರಡು ಪುಟ ತುಂಬಿದವು. ಓದುತ್ತ ಹೋದರೆ ತಪ್ಪುಗಳು ನೂರಲ್ಲ, ಮೂರೋ ನಾಲ್ಕೋ. ಅವೇ ವೇಷ ಬದಲಿಸಿ ಬರುತ್ತಿದ್ದವು.

ಎಲ್ಲಕ್ಕಿಂತ ಕಷ್ಟವಾದದ್ದು ಕೈ. ಎದುರಾಳಿ ನಡೆಸಿದ ಕೂಡಲೇ ಕೈ ತಾನಾಗಿ ಮೌಸ್ ಒತ್ತಿಬಿಡುತ್ತಿತ್ತು. ಅದಕ್ಕೆ ಆತನೇ ಒಂದು ಉಪಾಯ ಕಂಡುಕೊಂಡ. ಬಸ್ಸು ಬಂದು ನಿಂತರೆ ಕಂಟ್ರೋಲರು ಮೊದಲು ಕೇಳುವುದೇನು? ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀಯ? ಎದುರಾಳಿಯ ಪ್ರತಿ ಕಾಯಿಗೂ ಹಾಗೇ ಕೇಳತೊಡಗಿದ. ಮೌಸ್ ಬಿಟ್ಟು ಕೈ ತೊಡೆಯ ಕೆಳಗಿಟ್ಟುಕೊಂಡು, "ಎಲ್ಲಿಂದ ಬಂದ್ಯಪ್ಪ? ಇದನ್ನ ಬಿಟ್ ಬಂದ್ಯಾ? ಯಾರ್ ಮೇಲೆ ಓಯ್ತಿದ್ದೀಯ ಈಗ?" ಎಂದು ಕುದುರೆಯನ್ನು ವಿಚಾರಿಸುತ್ತಿದ್ದರೆ ಪಕ್ಕದ ಗೂಡಿನವರು ಇಣುಕಿ ನೋಡುತ್ತಿದ್ದರು.

"ಯಾರ್ ಜೊತೆ ಮಾತಾಡ್ತಾವ್ರೆ?" ಎಂದು ಒಬ್ಬ ಕೇಳಿದ್ದಕ್ಕೆ ರೋಜಾ, "ಪ್ಯಾಸೆಂಜರ್ ಜೊತೆ, ಸುಮ್ಕಿರಿ" ಎಂದಳು.

ಎರಡೇ ನಡೆಯಲ್ಲಿ ರಾಜನನ್ನು ಕಟ್ಟಿಹಾಕುವ ಲೆಕ್ಕಗಳನ್ನು ಅವಳೇ ಹಾಳೆಗೆ ನಾಲ್ಕರಂತೆ ಪ್ರಿಂಟು ತೆಗೆದುಕೊಟ್ಟಳು. ಮಧ್ಯಾಹ್ನ ಬಸ್ಸು ಕಡಿಮೆಯಿದ್ದಾಗ ಮಂಟೇಸ್ವಾಮಿ ಹಾಳೆ ಹಿಡಿದು ಕೂರುತ್ತಿದ್ದ. ಕಾಯಿ ಮುಟ್ಟುವಂತಿಲ್ಲ, ಕಣ್ಣಿನಲ್ಲೇ ನಡೆಸಬೇಕು. ಹಿಂದೆ ಆ ರೂಮಿನಲ್ಲಿ ನರಸೀಪುರದ ಬಸ್ಸು ಕಾಯುತ್ತ ಹೀಗೇ ಕೂರುತ್ತಿದ್ದುದು ನೆನಪಾಗಿ ಒಂದೊಂದು ದಿನ ಕಣ್ಣು ಮಂಜಾಗುತ್ತಿತ್ತು. ಮತ್ತೆ ಹಾಳೆ ನೋಡುತ್ತಿದ್ದ.

ಮೂರು ತಿಂಗಳು ತುಂಬಿದ ಭಾನುವಾರ ಹತ್ತು ಗಂಟೆಗೆ ಇಬ್ಬರೂ ಅರ್ಧರ್ಧ ಗಂಟೆಯ ಆಟಕ್ಕೆ ಕೂತರು. ಮಂಟೇಸ್ವಾಮಿಯ ಕುದುರೆ, ಒಂಟೆ ಹೊರಬಂದವು, ರಾಜ ಮೂಲೆ ಸೇರಿದ. ಚಿಕ್ಕಮಾದು ಹಳೆಯ ಬಲೆ ಒಡ್ಡಿದ, ಮಂಟೇಸ್ವಾಮಿ ಅದನ್ನು ವಿಚಾರಿಸಿ, ಸುತ್ತುಬಳಸಿ ದಾಟಿದ. ಇಪ್ಪತ್ತನೇ ನಡೆಯ ಹೊತ್ತಿಗೆ ಆ ಕಡೆಯ ಗಡಿಯಾರ ಸುಮ್ಮನೆ ಓಡತೊಡಗಿತು. ಮೂರು ನಿಮಿಷ, ಐದು ನಿಮಿಷ, ಎಂಟು ನಿಮಿಷ. "ಲೈನ್ ಓಯ್ತಾ ರೋಜಮ್ಮ?" ಎಂದು ಮಂಟೇಸ್ವಾಮಿ ಗಾಬರಿಯಾದ.

"ಲೈನ್ ಸರಿಯಾಗೇ ಅದೆ ಸಾ. ಅವ್ರೇ ಯೋಚ್ನೆ ಮಾಡ್ತಾವ್ರೆ."

ಕೊನೆಗೆ ಉಳಿದದ್ದು ಇಬ್ಬರ ರಾಜರು ಮತ್ತು ಒಂದಷ್ಟು ಕಾಲಾಳು. ಒಂದು ಹೆಜ್ಜೆಯ ಅಂತರದಲ್ಲಿ ಚಿಕ್ಕಮಾದುವಿನ ಕಾಲಾಳು ಮೊದಲು ದಡ ಮುಟ್ಟಿ ಮಂತ್ರಿಯಾಯಿತು. ಮಂಟೇಸ್ವಾಮಿ ಸೋತ. ಚಿಕ್ಕಮಾದುವಿನ ಗಡಿಯಾರದಲ್ಲಿ ಉಳಿದದ್ದು ಹತ್ತೊಂಬತ್ತು ಸೆಕೆಂಡು.

ಮಂಟೇಸ್ವಾಮಿ ಮೌಸಿನ ಮೇಲಿನ ಕೈ ತೆಗೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಯಾವನ್ಲಾ ನಿಂಗೆ ಏಳ್ಕೊಟ್ಟೋನು? ಬನೀನು ಒದ್ದೆ ಆಗೋಗದೆ! ಕಾಫಿ ತಣ್ಣಗಾಯ್ತು ಅಂತ ಪಲ್ಲವಿ ಮೂರ್ ಸಲ ಬಯ್ದ್ಲು."

"ಎಲ್ಲಾದ್ರೂ ಬಿಟ್ಕೊಟ್ಟೇನ್ಲಾ ಮಾದು? ನಿಜ ಏಳು."

"ಬಿಡೋದಾ? ಒಂದು ಕಾಲಾಳು ಬಿಟ್ಟಿದ್ರೂ ನನ್ನ ಮಣ್ ಮಾಡ್ಬುಡ್ತಿದ್ದೆಯಲ್ಲ!" ಚಿಕ್ಕಮಾದು ಇನ್ನೂ ಏದುಸಿರು ಬಿಡುತ್ತಿದ್ದ. "ನೋಡು, ಬರೋ ಭಾನುವಾರದಿಂದ ಈ ಅರ್ಧ ಗಂಟೆ ಬ್ಯಾಡ ಕಣ್ಲಾ. ಒಂದೊಂದು ಗಂಟೆ ಇಟ್ಕಳವ. ನಂಗೆ ಸಾಲಾಕಿಲ್ಲ."